ಸರ್ವರ್ ನಿಲುಗಡೆಯ ಮುನ್ಸೂಚನೆ: ವ್ಯಾಪಾರಸ್ಥರು ಗಮನಿಸಬೇಕಾದುದು

‘ತಾಂತ್ರಿಕ ಉನ್ನತೀಕರಣದ ನಿಮಿತ್ತ ಸೇವೆಯು ಲಭ್ಯವಿರುವುದಿಲ್ಲ’ ಎಂಬ ಒಕ್ಕಣೆಯ ಸಂದೇಶ ಬಂದಾಗ ನಮ್ಮಲ್ಲಿ ಬಹುತೇಕರು ಅದನ್ನು ಜಾಹೀರಾತುಗಳೊಂದಿಗೆ ಸೇರಿಸಿ ಅಳಿಸಿಹಾಕುತ್ತೇವೆ. ಹಣ ಪಾವತಿ, ಇ-ವೇ ಬಿಲ್, ಖರೀದಿ ಆದೇಶಗಳೆಲ್ಲವೂ ಯಾವುದಾದರೊಂದು ಸರ್ವರ್ ಮೂಲಕವೇ ಸಾಗುತ್ತಿರುವ ಈ ದಿನಗಳಲ್ಲಿ ಇಂತಹ ಉದಾಸೀನ ದುಬಾರಿಯಾಗಬಲ್ಲದು.

2024ರ ಜುಲೈ 13ರಂದು ಎಚ್‌ಡಿಎಫ್‌ಸಿ ಬ್ಯಾಂಕು ತನ್ನ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯನ್ನು ಹೊಸ ಯಂತ್ರೋಪಕರಣಗಳಿಗೆ ವರ್ಗಾಯಿಸಿತು. ಬೆಳಗಿನ ಜಾವ 3ರಿಂದ ಸಂಜೆ 4.30ರವರೆಗೆ, ಅಂದರೆ ಹದಿಮೂರೂವರೆ ಗಂಟೆಗಳ ಅವಧಿಯನ್ನು ಮುಂಚಿತವಾಗಿಯೇ ಪ್ರಕಟಿಸಲಾಗಿತ್ತು. ಅದು ಎರಡನೆಯ ಶನಿವಾರ. ಬ್ಯಾಂಕಿಗೆ ರಜೆ, ಆದರೆ ಅಂಗಡಿಗಳಿಗೆ ರಜೆಯಲ್ಲ. ಯುಪಿಐ ಸೇವೆಯ ನಿಲುಗಡೆಗೆ ಗೊತ್ತುಪಡಿಸಿದ ಅವಧಿಗಳಲ್ಲಿ ಬೆಳಿಗ್ಗೆ 9.30ರಿಂದ 12.45ರವರೆಗಿನ ವೇಳೆಯೂ ಸೇರಿತ್ತು. ವ್ಯಾಪಾರ ಕುದುರುವ ಹೊತ್ತು ಅದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ನಿಲ್ಲಿಸಲೇಬೇಕೆ ಎಂದು ಕೇಳುವವರಿದ್ದಾರೆ. ಹಳೆಯ ಖಾತೆ ಪುಸ್ತಕದಿಂದ ಹೊಸದಕ್ಕೆ ಶಿಲ್ಕು ಎಳೆಯುವಾಗ ಗುಮಾಸ್ತರು ಹಳೆಯದರಲ್ಲಿ ಮತ್ತೊಂದು ನಮೂದು ಮಾಡಗೊಡುವುದಿಲ್ಲ. ಮಾಡಿದರೆ ಎರಡೂ ತಾಳೆಯಾಗುವುದಿಲ್ಲ. ಸರ್ವರ್‌ಗಳದ್ದೂ ಅದೇ ಕಥೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ವರ್ಗಾವಣೆಯು ಹದಗೆಟ್ಟು ಲಕ್ಷಾಂತರ ಗ್ರಾಹಕರು ಪರದಾಡಿದರು. 2022ರಲ್ಲಿ ಆ ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಮಿಕ್ಕ ದಂಡ ಬಿತ್ತು. ಆದ್ದರಿಂದ, ತಿಳಿಸಿ ನಿಲ್ಲಿಸುವವರ ಮೇಲೆ ಸಿಟ್ಟಾಗುವುದು ತರವಲ್ಲ.

ಪರ್ಯಾಯ ಮಾರ್ಗವೊಂದು ಕೈಯಲ್ಲಿರಬೇಕು, ಅಷ್ಟೆ. 2021ರ ಏಪ್ರಿಲ್ 18ರ ಭಾನುವಾರ ಮಧ್ಯರಾತ್ರಿಯಿಂದ ಅಪರಾಹ್ನ 2ರವರೆಗೆ ಆರ್‌ಟಿಜಿಎಸ್ ನಿಲ್ಲುವುದೆಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿದಾಗ, ನೆಫ್ಟ್ ಎಂದಿನಂತೆ ಇರುವುದೆಂದೂ ತಿಳಿಸಿತ್ತು. ಒಂದೇ ಬ್ಯಾಂಕಿನಲ್ಲಿ ಎಲ್ಲ ಖಾತೆಗಳನ್ನಿಟ್ಟವರು ಈ ದೃಷ್ಟಿಯಿಂದ ಮರುಯೋಚಿಸಬಹುದು. ಸರಕು ಸಾಗಿಸುವವರು ಇ-ವೇ ಬಿಲ್ಲಿನ ‘ಎ’ ಭಾಗವನ್ನು ಮೊದಲೇ ತುಂಬಿಡಬಹುದು. ವಾಹನದ ವಿವರವುಳ್ಳ ‘ಬಿ’ ಭಾಗವನ್ನು ಸೇರಿಸಲು 15 ದಿನಗಳ ಕಾಲಾವಕಾಶವಿದೆ. ಆದರೆ ‘ಬಿ’ ಭಾಗ ತುಂಬದೆ ಲಾರಿ ಹೊರಡುವಂತಿಲ್ಲವಾದ್ದರಿಂದ ನಿಲುಗಡೆಯ ರಾತ್ರಿ ಲೋಡಿಂಗ್ ಇಟ್ಟುಕೊಳ್ಳದಿರುವುದು ಲೇಸು.

ಇನ್ನು ಸ್ವಂತ ಜಾಲತಾಣ ಹೊಂದಿರುವ ಕೈಗಾರಿಕೋದ್ಯಮಿಗಳು ಹೋಸ್ಟಿಂಗ್ ಸಂಸ್ಥೆಯೊಂದಿಗಿನ ಕರಾರನ್ನು ಒಮ್ಮೆ ಓದಬೇಕು. ಶೇ. 99.9 ಲಭ್ಯತೆ ಎಂದರೆ ತಿಂಗಳಿಗೆ ಸುಮಾರು 43 ನಿಮಿಷಗಳ ನಿಲುಗಡೆ ಮಾತ್ರ. ಆದರೆ ‘ಪೂರ್ವನಿಗದಿತ ನಿಲುಗಡೆ ಇದರಲ್ಲಿ ಸೇರಿರುವುದಿಲ್ಲ’ ಎಂಬ ಸಾಲು ಅನೇಕ ಕರಾರುಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅಂತಹ ನಿಲುಗಡೆಗೆ ಗರಿಷ್ಠ ಮಿತಿ ಎಷ್ಟು, ಎಷ್ಟು ದಿನ ಮುಂಚೆ ತಿಳಿಸುವರು ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ರಫ್ತುದಾರರು ವೇಳೆಯನ್ನೂ ವಿಚಾರಿಸಬೇಕು: ನಮ್ಮ ನಡುರಾತ್ರಿಯು ನ್ಯೂಯಾರ್ಕಿನ ಖರೀದಿದಾರರಿಗೆ ಕಚೇರಿಯ ಮಧ್ಯಾಹ್ನ.

ಕೆಲವು ಗಂಟೆ ಸರ್ವರ್ ನಿಂತರೆ ಮಿಂಚಂಚೆಗಳು ಸಾಮಾನ್ಯವಾಗಿ ನಷ್ಟವಾಗುವುದಿಲ್ಲ. ಕಳುಹಿಸಿದ ಕಡೆಯ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಜಾಲತಾಣದಲ್ಲಿ ವಿಚಾರಣಾ ನಮೂನೆ ತುಂಬಲು ಬಂದ ಗಿರಾಕಿ ಮಾತ್ರ ಹಾಗೆ ಕಾಯುವುದಿಲ್ಲ. ಆ ಅವಧಿಗೆ ದೂರವಾಣಿ ಸಂಖ್ಯೆಯುಳ್ಳ ಒಂದು ಪುಟವನ್ನಾದರೂ ಬೇರೆ ಸರ್ವರ್‌ನಿಂದ ತೋರಿಸುವಂತೆ ಹೋಸ್ಟಿಂಗ್‌ನವರನ್ನು ಕೇಳಿಕೊಳ್ಳಬಹುದು.