ಕರಿ ಬಟ್ಟೆಯ ಕಡತ: ಅಂದಿನ ಅಂಗಡಿಯ ಲೆಕ್ಕದ ಪುಸ್ತಕ



ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಡೊಂಬಿವಲಿಯ ಅಂಗಡಿಗಳತ್ತ ಒಮ್ಮೆ ನೋಡಿ. ಲೆಕ್ಕವೆಲ್ಲ ಕಂಪ್ಯೂಟರಿಗೆ, ಮೊಬೈಲಿಗೆ ಹೋಗಿದ್ದರೂ ಕೆಂಪು ಹೊದಿಕೆಯ ಹೊಸ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ ಪೂಜಿಸುವ ವ್ಯಾಪಾರಿಗಳು ಇಂದಿಗೂ ಇದ್ದಾರೆ. ಸರಿ, ಇನ್ನೂರು ವರ್ಷಗಳ ಹಿಂದೆ ನಮ್ಮ ಮೈಸೂರು ಸೀಮೆಯ ಅಂಗಡಿಯವರು ಉದ್ರಿ ಲೆಕ್ಕವನ್ನು ಎಲ್ಲಿ ಬರೆದಿಡುತ್ತಿದ್ದರು ಗೊತ್ತೇ?

ಅದರ ಹೆಸರು ಕಡತ. ಇಂದು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಅಂದು ಅದು ಕರಿ ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. 8 ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆ. ಅದರ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಅಂಟಿಗೆ ಹುಣಸೆ ಬೀಜ ಬಳಸುವುದು ರೂಢಿ. ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಚಿ, ಎರಡು ತುದಿಗೂ ಬಣ್ಣದ ಮರದ ಹಲಗೆ ಕೂಡಿಸಿದರೆ ಪುಸ್ತಕ ಸಿದ್ಧ. ಬರೆಯುವುದಕ್ಕೆ ಬಳಪ. ಮೈಸೂರಿನ ವರ್ತಕರೂ ಅಂಗಡಿಯವರೂ ಎಲ್ಲೆಡೆ ಇದನ್ನೇ ಬಳಸುತ್ತಾರೆಂದು ವಿಲ್ಕ್ಸ್ ಬರೆದಿದ್ದಾನೆ.

ಅಂದಿನ ಲೆಕ್ಕ ವರಹ, ಹಣಗಳಲ್ಲಿ. ಹತ್ತು ಹಣಕ್ಕೆ ಒಂದು ಕಂಠೀರವ ವರಹ. ಹಣದ ಕಾಲು ಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ. ಧಾನ್ಯಕ್ಕೆ ಸೇರು, ಕೊಳಗ, ಖಂಡುಗ.

ಈಗ ನಿಮಗೊಂದು ಸಂದೇಹ ಬರಬೇಕು. ಬಳಪದ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಬಹುದಲ್ಲ, ಅದನ್ನು ನಂಬುವುದು ಹೇಗೆ? ಟಿಪ್ಪು ಸುಲ್ತಾನ್ ಸರ್ಕಾರಿ ಲೆಕ್ಕಕ್ಕೆ ಕಡತ ಕೂಡದೆಂದು ಆಜ್ಞೆ ಮಾಡಿದ್ದ. ವಿಲ್ಕ್ಸ್ ಮಾತ್ರ ಇದು ಒಳ್ಳೆಯ ಕಾಗದಕ್ಕಿಂತಲೂ ಹೆಚ್ಚು ಬಾಳುತ್ತದೆ ಎನ್ನುತ್ತಾನೆ. ಒಬ್ಬ ವರ್ತಕನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಒಪ್ಪಿಕೊಂಡದ್ದನ್ನು ತಾನೇ ಕಂಡಿದ್ದಾಗಿ ಹೇಳುತ್ತಾನೆ. ಅಂದರೆ ಬಲ ಇದ್ದದ್ದು ಬಳಪದ ಗೆರೆಗಲ್ಲ, ಬರೆಯುವಾಗ ಜೊತೆಗಿದ್ದ ನಾಲ್ಕು ಜನರ ಕಣ್ಣಿಗೆ.

ಆ ಕಣ್ಣು ಇಲ್ಲದಿದ್ದರೆ? ಓದು ಬಾರದ ರೈತನ ಮಟ್ಟಿಗೆ ಒರೆಸಲಾಗದ ಶಾಯಿಯೂ ಒಂದೇ, ಬಳಪವೂ ಒಂದೇ. ನಮ್ಮ ಮಹಾರಾಷ್ಟ್ರದಲ್ಲೇ 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದ ರೈತರು ಸಾಹುಕಾರರ ಮೇಲೆ ಎದ್ದರು. ಅವರು ಹುಡುಕಿ ಸುಟ್ಟದ್ದು ಸಾಲಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಗಲಭೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಬಳಿಕ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ, ಸಾಲ ಕೊಟ್ಟವನು ರೈತನಿಗೆ ರಸೀದಿ ಮತ್ತು ಲೆಕ್ಕ ಕೊಡಬೇಕೆಂದಿತು. ಲೆಕ್ಕ ಇಬ್ಬರ ಕೈಯಲ್ಲೂ ಇರಬೇಕೆಂಬ ಮಾತು ಕಾಯ್ದೆಯಾಗಲು ಅಷ್ಟು ಬೆಂಕಿ ಬೇಕಾಯಿತು.

ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಉಳಿದಿವೆ. ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಅವುಗಳ ಅಧ್ಯಯನ ಮಾಡಿದ್ದಾರೆ. ಆದರೆ ಮಠಕ್ಕೆ ದಾಖಲೆ ಕಾಯುವ ಜನರಿದ್ದರು, ಸಣ್ಣ ಅಂಗಡಿಗೆ ಯಾರಿದ್ದರು? ಸಾಲ ತೀರಿದರೆ ಒರೆಸಿ ಮತ್ತೆ ಬರೆಯಲು ಬರುವ ಪುಸ್ತಕ ಅದು.

ಆದ್ದರಿಂದ ಒಂದು ಮಾತು. ರಜೆಯಲ್ಲಿ ಊರಿಗೆ ಹೋದಾಗ, ಹಳೆ ಮನೆ ಕೆಡವುವ ಮೊದಲು, ಅಟ್ಟ ನೋಡಿ. ಮಡಚಿದ ಕರಿ ಬಟ್ಟೆಯ ಕಟ್ಟು ಸಿಕ್ಕರೆ ದೂಳೆಂದು ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ. ನೀರು ಸೋಕದಂತೆ ಇಟ್ಟು, ಫೋಟೋ ತೆಗೆದು, ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ತೋರಿಸಿ. ನಿಮ್ಮೂರಿನವರು ಏನು ಕೊಂಡರು, ಯಾರಿಗೆ ಎಷ್ಟು ಬಾಕಿ ಉಳಿಸಿದರು ಎಂಬುದು ಅದರಲ್ಲಿ ಇನ್ನೂ ಉಳಿದಿರಬಹುದು.