ಧಾರೆ ಸೀರೆ ಅಸಲಿಯೇ? ಕೇಳಿದ್ದು ಮತ್ತು ಇರುವುದು

"ರೇಷ್ಮೆ ಸೀಮೆಯವರಿಗೆ ರೇಷ್ಮೆ ಗುರುತಿಸುವುದನ್ನು ಹೇಳಿಕೊಡಬೇಕೇ?" ಮದುವೆ ಜವಳಿ ತೆಗೆಯಲು ಹೊರಟ ನಮ್ಮ ಕಡೆಯ ಮನೆಗಳಲ್ಲಿ ಈ ಮಾತು ಸಾಮಾನ್ಯ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ರಾಮನಗರದಲ್ಲಿದೆ, ನಿಜ. ಆದರೆ ಅಲ್ಲಿ ಹರಾಜಾಗುವುದು ಗೂಡು, ಸೀರೆಯಲ್ಲ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಒಂದು ಹಿಡಿ ಗೂಡೆತ್ತಿ, ಬೆರಳಲ್ಲಿ ಅದುಮಿ ಗಟ್ಟಿತನ ನೋಡುತ್ತಾನೆ. ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಕದಲುವ ಸದ್ದು ಕೇಳುತ್ತಾನೆ. ಕಲೆ ಬಿದ್ದವು, ಜೋಡಿ ಗೂಡು ಎಷ್ಟಿವೆಯೆಂದು ಅಂದಾಜಿಸಿ ಬೆಲೆ ಕಟ್ಟುತ್ತಾನೆ. ಆ ಜಾಣ್ಮೆಯಿಂದ ನೂಲೆಷ್ಟು ಬರುತ್ತದೆಂದು ತಿಳಿಯುತ್ತದೆ. ಅಂಗಡಿಯಲ್ಲಿ ಹರವಿದ ಸೀರೆಯನ್ನು ಅಳೆಯಲು ಬೇರೆಯದೇ ತಿಳಿವಳಿಕೆ ಬೇಕು.

"ಒಂದು ಎಳೆ ಸುಟ್ಟು ನೋಡಿದರೆ ಸಾಕು" ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಪರೀಕ್ಷೆಯೇನೋ ಒಳ್ಳೆಯದೇ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕಡ್ಡಿ ಸರಿಸಿದೊಡನೆ ಉರಿ ಆರುತ್ತದೆ, ಉಳಿದ ಕರಿ ಹೊಸಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದ ಹಾಗೆ ಉರಿಯುತ್ತದೆ. ಎಡವುವುದು ಎಳೆ ಆರಿಸುವಾಗ. ಸೆರಗಿನ ಕುಚ್ಚಿನಿಂದ ಕಿತ್ತದ್ದು ಹಾಸಿನ, ಅಂದರೆ ಉದ್ದದ ಎಳೆ. ಅಡ್ಡಡ್ಡ ಹಾಯುವ ಹೊಕ್ಕಿಗೆ ಬೇರೆ ನೂಲು ಹಾಕಿದ್ದರೆ ಅದು ತಿಳಿಯುವುದೇ ಇಲ್ಲ. ಹಾಸು, ಹೊಕ್ಕು, ಅಂಚು, ಒಡಲು, ಎಲ್ಲದರಿಂದಲೂ ಬೇರೆಬೇರೆಯಾಗಿ ಎಳೆ ತೆಗೆದು ನೋಡಬೇಕು. ಕಲಬೆರಕೆಯ ಪಾಲು ಎಷ್ಟೆಂದು ತಿಳಿಯಲು ಪ್ರಯೋಗಾಲಯವೇ ಬೇಕು. ಅಂಥ ಪರೀಕ್ಷೆಯ ಬಗ್ಗೆ ವಿಚಾರಿಸಲು ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬೆಂಗಳೂರಿನಲ್ಲೇ ಇರುವುದು ನಮ್ಮ ಪುಣ್ಯ.

ಉಂಗುರದೊಳಗೆ ತೂರುವ ಸೀರೆಯೇ ಶುದ್ಧ ಎನ್ನುವವರೂ ಇದ್ದಾರೆ. ತೆಳು ಪಾಲಿಯೆಸ್ಟರ್ ಜಾರ್ಜೆಟ್ ಕೂಡ ಸಲೀಸಾಗಿ ತೂರುತ್ತದೆ.

"ತೂಕ ಜಾಸ್ತಿಯಿದ್ದರೆ ರೇಷ್ಮೆ ಜಾಸ್ತಿ, ಹೊಂಬಣ್ಣವಿದ್ದರೆ ಅಸಲಿ ಗೂಡಿನದು." ಇವೆರಡೂ ಸಲ್ಲದ ಮಾತು. ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ವಲಯದಲ್ಲಿ ಸಾಕುವ ಮೈಸೂರು ತಳಿಯಿಂದ ಬಂದ ಮಿಶ್ರತಳಿ ಗೂಡು ಹಳದಿಯಿರುತ್ತದೆ, ಸರಿ. ಆದರೆ ಆ ಬಣ್ಣ ಇರುವುದು ಎಳೆಯ ಮೇಲಿನ ಸೆರಿಸಿನ್ ಎಂಬ ಅಂಟಿನಲ್ಲಿ. ಸೋಪು, ಸೋಡಾ ನೀರಿನಲ್ಲಿ ಬೇಯಿಸಿದಾಗ ಅಂಟಿನ ಜೊತೆ ಅದೂ ಹೋಗುತ್ತದೆ. ಕಚ್ಚಾ ರೇಷ್ಮೆ ಹತ್ತಿರಹತ್ತಿರ ಕಾಲು ಭಾಗ ತೂಕವನ್ನೂ ಕಳೆದುಕೊಳ್ಳುತ್ತದೆ. 19ನೇ ಶತಮಾನದ ಯುರೋಪಿನಲ್ಲಿ ಆ ತೂಕ ತುಂಬಿಸಲು ತವರದ ಲವಣ ಹಾಕುತ್ತಿದ್ದರು. ಅಂಥ ಬಟ್ಟೆ ಪೆಟ್ಟಿಗೆಯಲ್ಲಿಟ್ಟಲ್ಲೇ ಸೀಳುಬಿಟ್ಟಿತು. ನಮ್ಮ ಮದುವೆ ಸೀರೆಯ ಭಾರದಲ್ಲಿ ಜರಿಯ ಪಾಲೂ ಇರುತ್ತದೆ.

ಚೀನಾ ರೇಷ್ಮೆ, ಸ್ಪನ್ ಸಿಲ್ಕ್ ಎಂದರೆ ನಕಲಿ ಎನ್ನುವುದೂ ತಪ್ಪು. ರೇಷ್ಮೆ ಉತ್ಪಾದನೆಯಲ್ಲಿ ಚೀನಾ ಜಗತ್ತಿಗೇ ಮೊದಲು, ಅದೂ ಹುಳುವಿನ ನೂಲೇ. ಆಮದು ಹೆಚ್ಚಿದಾಗ ಗೂಡಿನ ಬೆಲೆ ಕುಸಿದು ಕನಕಪುರದ ರೈತನ ಹೊಟ್ಟೆ ಉರಿಯುವುದು ನ್ಯಾಯವೇ. ಆದರೆ ಆ ಸಿಟ್ಟಿಗೆ ನೂಲನ್ನು ನಕಲಿ ಎನ್ನಲಾಗದು. ಚನ್ನಪಟ್ಟಣದ ಹಳೆಯ ಗಿರಣಿ ಹೆಸರು ಮಾಡಿದ್ದ ಸ್ಪನ್ ಸಿಲ್ಕ್, ಬಿಚ್ಚಾಣಿಕೆಯಲ್ಲಿ ಉಳಿದ ತ್ಯಾಜ್ಯದಿಂದ ನೂತ ಅಪ್ಪಟ ರೇಷ್ಮೆ. ಎಳೆ ಗಿಡ್ಡ, ಹೊಳಪು ಕಡಿಮೆ, ಅಷ್ಟೇ.

ಹೆಚ್ಚು ಹಣ ಕಳೆಯುವುದು ಮಾತ್ರ ಇಲ್ಲಿ: "ಸಿಲ್ಕ್ ಮಾರ್ಕ್ ಇದೆ, ಜರಿಯೂ ಅಸಲಿ." 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಎಂಬ ಗುರುತುಚೀಟಿ ಭರವಸೆ ಕೊಡುವುದು ನೂಲು ನೈಸರ್ಗಿಕ ರೇಷ್ಮೆ ಎಂದಷ್ಟೇ. ಜರಿಯಲ್ಲಿ ಬೆಳ್ಳಿಯಿದೆಯೇ, ನೇಯ್ದದ್ದು ಕೈಮಗ್ಗದಲ್ಲೇ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅಗ್ಗದ್ದರಲ್ಲಿ ತಾಮ್ರವಿರುತ್ತದೆ, ಇಲ್ಲವೇ ಬರೀ ಪ್ಲಾಸ್ಟಿಕ್ ಪಟ್ಟಿ. ಉಗುರಿನಿಂದ ಕೆರೆದರೆ ಸುಳಿವು ಸಿಗಬಹುದು, ಪ್ರಮಾಣ ಸಿಗದು. ಎಕ್ಸ್‌ರೇ ಯಂತ್ರದಲ್ಲಿಟ್ಟರೆ ಸೀರೆಗೆ ಏನೂ ಆಗದಂತೆ ಲೋಹಗಳ ಪಾಲು ತಿಳಿಯುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಮೈಸೂರು ಸಿಲ್ಕ್ ಜರಿಗೆ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಎಂದು ಬಹಿರಂಗವಾಗಿ ಹೇಳುತ್ತದೆ. ಉಳಿದ ಅಂಗಡಿಯವರನ್ನೂ ಇದೇ ಪ್ರಶ್ನೆ ಕೇಳಿ. "ಪ್ಯೂರ್" ಎಂಬ ಬಾಯಿಮಾತಿಗೆ ಒಪ್ಪದೆ, ರೇಷ್ಮೆ ಯಾವುದು, ಜರಿ ಎಂಥದ್ದು ಎಂದು ಬಿಲ್ಲಿನಲ್ಲಿ ಬೇರೆಬೇರೆ ಸಾಲಾಗಿ ಬರೆಸಿಕೊಳ್ಳಿ.