ಮಂಟಪಕ್ಕೆ ಅಷ್ಟೊಂದು ಕಂಬಗಳೇಕೆ?

ತರೀಕೆರೆಯ ಸಮೀಪದ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಕವಿ ಜನ್ನ ರಚಿಸಿದ ಶಾಸನ ಅಲ್ಲಿದೆ. ಮುಂಭಾಗದ ತೆರೆದ ಮಂಟಪದಲ್ಲಿ 29 ಅಂಕಣಗಳಿವೆ. ಶಾಲಾ ಪ್ರವಾಸದ ಮಕ್ಕಳು ರಾಮಾಯಣ, ಮಹಾಭಾರತದ ಫಲಕಗಳನ್ನು ನೋಡಿ ಬರುತ್ತಾರೆ. ವಿಜ್ಞಾನದ ವಿದ್ಯಾರ್ಥಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕಂಬಗಳು ಇಷ್ಟು ಹತ್ತಿರ ಹತ್ತಿರ ಏಕಿವೆ?

ತೊಲೆಯ ಕೆಳಮೈ

ಒಂದು ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಒತ್ತಿ. ಅದು ಸುಲಭವಾಗಿ ಮುರಿಯದು. ಅದನ್ನೇ ಎರಡು ಕೈಗಳಲ್ಲಿ ಹಿಡಿದು ಬಗ್ಗಿಸಿ, ಥಟ್ಟನೆ ಮುರಿಯುತ್ತದೆ. ಕಲ್ಲಿನ ಗುಣವೂ ಇದೇ. ಅದು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದು ಬಹಳ ಕಡಿಮೆ.

ಎರಡು ಕಂಬಗಳ ಮೇಲೆ ಇಟ್ಟ ತೊಲೆ ಭಾರದಿಂದ ತುಸು ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಎಳೆತಕ್ಕೂ ಒಳಗಾಗುತ್ತವೆ. ಆದ್ದರಿಂದ ಕಲ್ಲಿನ ತೊಲೆಯಲ್ಲಿ ಬಿರುಕು ಸಾಮಾನ್ಯವಾಗಿ ನಡುವೆ, ಕೆಳಮೈಯಲ್ಲಿ ಆರಂಭವಾಗುತ್ತದೆ.

ಸ್ವಂತ ತೂಕದಿಂದ ತೊಲೆಯ ಕೆಳಮೈಯಲ್ಲಿ ಉಂಟಾಗುವ ಎಳೆತವು ಕಂಬಗಳ ನಡುವಿನ ಅಂತರದ ವರ್ಗಕ್ಕೆ ನೇರ ಅನುಪಾತದಲ್ಲಿಯೂ ತೊಲೆಯ ದಪ್ಪಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಹೊಯ್ಸಳರು ಬಳಸಿದ ಬಳಪದ ಕಲ್ಲಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2800 ಕಿ.ಗ್ರಾಂ. ಉದಾಹರಣೆಗೆ, 40 ಸೆಂ.ಮೀ. ದಪ್ಪದ ತೊಲೆ 2 ಮೀ. ಅಂತರವನ್ನು ದಾಟಿದರೆ ಎಳೆತ ಸುಮಾರು 2 ಲಕ್ಷ ಪ್ಯಾಸ್ಕಲ್. ಅಂತರ 4 ಮೀ. ಆದರೆ ಅದು 8 ಲಕ್ಷಕ್ಕೆ ಏರುತ್ತದೆ. ಚಾವಣಿಯ ಭಾರ ಇದಕ್ಕೆ ಸೇರಬೇಕು. ಅಂತರವನ್ನು ಹೆಚ್ಚಿಸುವುದಕ್ಕಿಂತ ಕಂಬಗಳನ್ನು ಹೆಚ್ಚಿಸುವುದು ಕ್ಷೇಮ!

ತೊಲೆಯ ಉದ್ದ, ಅಗಲ, ದಪ್ಪ ಮೂರನ್ನೂ ಇಮ್ಮಡಿಗೊಳಿಸಿದರೂ ಎಳೆತ ಇಮ್ಮಡಿಯಾಗುತ್ತದೆ. ಗಾತ್ರ ಹೆಚ್ಚಿದಂತೆ ರಚನೆ ದುರ್ಬಲವಾಗುತ್ತದೆಂಬ ಈ ವಿಚಾರವನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಆದರೆ ನಮ್ಮ ಶಿಲ್ಪಿಗಳಿಗೆ ಅನುಭವವೇ ಇದನ್ನು ಕಲಿಸಿತ್ತು. ಅಂಕಣದ ಮೂಲೆಗಳಿಗೆ ಅಡ್ಡಕಲ್ಲುಗಳನ್ನಿಟ್ಟು ಚೌಕವನ್ನು ಅಷ್ಟಕೋನವಾಗಿಸಿ, ಅದರ ಮೇಲೆ ಒಂದೊಂದೇ ವರಸೆಯನ್ನು ಒಳಕ್ಕೆ ಚಾಚುತ್ತ ಹೋದರೆ ದಾಟಬೇಕಾದ ಅಂತರ ಕಿರಿದಾಗುತ್ತದೆ. ನಾವು ಮೆಚ್ಚುವ ಗುಮ್ಮಟದಂತಹ ಒಳಚಾವಣಿಗಳ ಹಿಂದಿನ ಉಪಾಯ ಇದು.

ಮಣ್ಣು ಮತ್ತು ಸುರಂಗ

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯನ್ನು ನೋಡಿ. ಮಣ್ಣಿಗೆ ಎಳೆತ ತಾಳುವ ಶಕ್ತಿ ಇಲ್ಲವೆಂದೇ ಹೇಳಬಹುದು. ನೀರಿನ ಒತ್ತಡವಾದರೋ ಪ್ರತಿ 10 ಮೀ. ಆಳಕ್ಕೆ ಸುಮಾರು 1 ಲಕ್ಷ ಪ್ಯಾಸ್ಕಲ್ ಹೆಚ್ಚುತ್ತದೆ. ಏರಿ ತನ್ನ ತೂಕದಿಂದಲೇ ನಿಲ್ಲಬೇಕಾದ್ದರಿಂದ ಅದರ ಬುಡ ಅಗಲ, ನೆತ್ತಿ ಕಿರಿದು. ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಕೊರೆದಿರುವ ಸುಮಾರು 7 ಕಿ.ಮೀ. ಸುರಂಗದಂತಹ ಕಡೆ ಕಮಾನು ನೆರವಾಗುತ್ತದೆ. ಅದು ಮೇಲಿನ ಭಾರವನ್ನು ಒತ್ತಡವಾಗಿ ಬದಿಗಳಿಗೆ ಸಾಗಿಸುತ್ತದೆ.

ಉಕ್ಕು ಬಂದ ಮೇಲೆ

ಅಮೆರಿಕದ ಷಿಕಾಗೊ ನಗರದಲ್ಲಿ 1891ರಲ್ಲಿ ಮುಗಿದ 16 ಅಂತಸ್ತಿನ ಮೊನಾಡ್ನಾಕ್ ಕಟ್ಟಡದ ಇಟ್ಟಿಗೆ ಗೋಡೆ ಬುಡದಲ್ಲಿ ಸುಮಾರು 1.8 ಮೀ. ದಪ್ಪವಿದೆ. ಅದೇ ನಗರದಲ್ಲಿ 1885ರಲ್ಲಿ 10 ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ ಲೋಹದ ಚೌಕಟ್ಟನ್ನು ಬಳಸಿ ಹೊಸ ದಾರಿ ತೋರಿಸಿತ್ತು. ಅದನ್ನು 1931ರಲ್ಲಿ ಕೆಡವಲಾಯಿತು. ಉಕ್ಕು ಎಳೆತವನ್ನೂ ತಾಳುತ್ತದೆ. ಹೀಗಾಗಿ ಗೋಡೆಗಳು ತೆಳುವಾದವು, ಕಿಟಕಿಗಳು ಅಗಲವಾದವು, ಗಗನಚುಂಬಿಗಳು ಎದ್ದವು.

ಸರಳು ಎಲ್ಲಿರಬೇಕು?

ಈ ತತ್ವ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಕಾಂಕ್ರೀಟು ಕಲ್ಲಿನಂತೆಯೇ ಎಳೆತದಲ್ಲಿ ದುರ್ಬಲ. ಎಳೆತವಿರುವ ಕಡೆ ಉಕ್ಕಿನ ಸರಳು ಬೇಕು. ಎರಡೂ ತುದಿಗೆ ಆಧಾರವಿರುವ ಬಾಗಿಲ ಮೇಲಿನ ತೊಲೆಯಲ್ಲಿ ಮುಖ್ಯ ಸರಳು ಕೆಳಗಿರಬೇಕು. ಒಂದೇ ಬದಿಗೆ ಆಧಾರವಿರುವ ಸಜ್ಜೆಯಲ್ಲಿ ಎಳೆತ ಮೇಲ್ಭಾಗದಲ್ಲಿರುವುದರಿಂದ ಸರಳು ಮೇಲಿರಬೇಕು. ಕಾಂಕ್ರೀಟು ಹಾಕುವಾಗ ಕಾಲ್ತುಳಿತಕ್ಕೆ ಸಿಕ್ಕಿ ಸರಳು ಕೆಳಗಿಳಿದರೆ ಸಜ್ಜೆ ಕುಸಿದು ಪ್ರಾಣಕ್ಕೇ ಎರವಾಗಬಹುದು.

ಮಾಡಿ ನೋಡಿ: ಉದ್ದನೆಯ ಸ್ಪಂಜಿನ ಬದಿಯಲ್ಲಿ ಸಮ ಅಂತರದ ಲಂಬ ಗೆರೆಗಳನ್ನು ಎಳೆಯಿರಿ. ಅದನ್ನು ಮೊದಲು ಎರಡು ಪುಸ್ತಕಗಳ ನಡುವೆ ತೊಲೆಯಂತೆ ಇಟ್ಟು ಮಧ್ಯದಲ್ಲಿ ಒತ್ತಿ. ಅನಂತರ ಒಂದು ತುದಿಯನ್ನು ಭದ್ರವಾಗಿ ಹಿಡಿದು ಇನ್ನೊಂದು ತುದಿಯನ್ನು ಕೆಳಕ್ಕೆ ಬಗ್ಗಿಸಿ. ಗೆರೆಗಳು ಪರಸ್ಪರ ದೂರ ಸರಿಯುವ ಕಡೆ ಎಳೆತವಿದೆ. ಎರಡು ಸಂದರ್ಭಗಳಲ್ಲಿ ಅದು ಎಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳೇ ಗುರುತಿಸಲಿ.